ಕತ್ತಲಲ್ಲಿ ಸೇರಿಸಬೇಕು

ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ
ಚಹಾಕ್ಕೂ ಕೂರದ ನೆಂಟ.
ವೋರು ಸೀಮೆಯ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ.
ಏಳು ಹೇಂಟೆ, ಒಂದು ದೀಪ, ನಾಲ್ಕು ಹಲಗೆಗೋಡೆ;
ಕೆಲಸವಿಲ್ಲದ ಕೊಕ್ಕು
ಪಕ್ಕದವಳ ಬೆನ್ನು ಹುಡುಕುತ್ತದೆ.

ನಿನ್ನೆ ಚುಕ್ಕಿಯ ಬಾಲದ ಬುಡದಲ್ಲಿ
ಹುರುಳಿಕಾಳಿನಷ್ಟು ರಕ್ತ.
ಇವತ್ತು ಬೆಳಿಗ್ಗೆ ಅಂಗೈಯಗಲ.
ದೊಡ್ಡವಳು ಕುಕ್ಕಿದಳೆಂದು ನಡುವಿನವಳು,
ನಡುವಿನವಳು ಕುಕ್ಕಿದಳೆಂದು
ಮೊನ್ನೆಯಷ್ಟೇ ತಾನೇ ಕುಕ್ಕಿಸಿಕೊಂಡಿದ್ದ
ಆ ಬಡಕಲು ಬಿಳಿಯವಳೂ.

ಚುಕ್ಕಿಯನ್ನು ಕಂಕುಳಲ್ಲಿ ಅವುಚಿ ಅಡಿಗೆಮನೆಗೆ ತಂದೆ.
ಉಗುರುಬೆಚ್ಚನೆ ಉಪ್ಪುನೀರು, ಹಳೇ ಬನಿಯನ್ನಿನ ಚೂರು,
ಮೇಲೆ ಪೈನ್ ಮರದ ಡಾಂಬರು:
ಕಪ್ಪು, ಕಹಿ, ಹೊಗೆಯ ನಾತ.
ಅದಕ್ಕೆ ಒಮ್ಮೆ ಬಾಯಿ ಹಾಕಿದವಳು
ಇಡೀ ದಿನ ಕೊಕ್ಕನ್ನು ನೆಲಕ್ಕೆ ಒರೆಸುತ್ತಾಳೆ.
ಇದನ್ನು ಕಲಿಸಿದ್ದು ಸಾಲ್ಮೆ.
ಅವಳನ್ನು ಅಮ್ಮ ಎಂದು ನಾನು ಕರೆದದ್ದು
ಒಟ್ಟು ಎರಡು ಸಲ.

ಎಲೆಕೋಸನ್ನು ಹಗ್ಗಕ್ಕೆ ಕಟ್ಟು, ಅನ್ನುತ್ತಿದ್ದಳು,
ಕೊರಳು ಚಾಚಿದರೆ ಸಿಗಬೇಕು, ಸುಮ್ಮನೆ ಸಿಗಬಾರದು.
ಒಲೆಯ ಬೂದಿ ಎಸೆಯಬೇಡ, ಅವಕ್ಕೆ ಸ್ನಾನ.
ಕಾಳಿನ ತೊಟ್ಟಿ ಎರಡಿಡು,
ಒಂದರಿಂದ ಇನ್ನೊಂದು ಕಾಣದ ಹಾಗೆ.
ಕಂಡರೆ ಒಬ್ಬಳೇ ಎರಡಕ್ಕೂ ಕಾವಲು ನಿಲ್ಲುತ್ತಾಳೆ.
ಹೊರಗೆ ಹಾಕುವುದಾದರೆ ಕುಕ್ಕುವವಳನ್ನು ಹಾಕು.
ಮೂರು ದಿನ.
ಹೆಚ್ಚಾದರೆ ಹಗೆ, ಕಮ್ಮಿಯಾದರೆ ರಜೆ.

ನಮ್ಮ ದೊಡ್ಡವಳ ಹೆಸರು ಪ್ರೋವಾ, ಅಂದರೆ ಯಜಮಾನಿ.
ಸೌದೆಕೊಟ್ಟಿಗೆಯಲ್ಲಿ, ಬೋರಲು ಹಾಕಿದ ಆಲೂಗಡ್ಡೆಬುಟ್ಟಿಯೊಳಗೆ
ಯಾರನ್ನು ಬೈಯುವುದೆಂದು ತಿಳಿಯದೆ
ಬುಟ್ಟಿಯನ್ನೇ ಬೈಯುತ್ತಿದ್ದಾಳೆ.

ಇನ್ನೊಂದು ಮಾತು ಹೇಳಿದ್ದಳು ಸಾಲ್ಮೆ:
ಹೊಸಬಳನ್ನು ಕತ್ತಲಲ್ಲಿ ಸೇರಿಸಬೇಕು.
ಅಟ್ಟಣೆಯ ಮೇಲೆ ಎಲ್ಲ ತೂಕಡಿಸುವಾಗ
ಸದ್ದಿಲ್ಲದೆ ನಡುವೆ ಕೂರಿಸಿಬಿಡು.
ಬೆಳಗಾದರೆ, ಇವಳು ಮೊದಲಿಂದ ಇದ್ದವಳೇ
ಅಂದುಕೊಳ್ಳುತ್ತವೆ.

ನನ್ನನ್ನೂ ಹಾಗೇ ತಂದಳು.
ನನಗೆ ಏಳು ವರ್ಷ, ಕಾಲಲ್ಲಿ ಬೇರೆ ಯಾರದೋ ಬೂಟು.
ಒಲೆಗೂಡಿನ ಬೆಚ್ಚನೆ ಕಟ್ಟೆಯ ಮೇಲೆ
ಮಾಯ್ಮು, ಲೈನೆ, ಹೆಲ್ವೆ, ವೈಕೆ ಮಲಗಿದ್ದರು;
ಲೈನೆ, ಹೆಲ್ವೆ ನಡುವೆ ನನ್ನನ್ನು ತುರುಕಿ
ದೀಪ ಆರಿಸಿದಳು.

ಅವರು ಕೋಳಿಗಳಲ್ಲ.
ನಾಲ್ಕಾದ ಮೇಲೆ ಐದೆಂದು ಎಣಿಸಲು ಬರುತ್ತಿತ್ತು.
ನನ್ನ ಚಮಚ ಹಿಮದಲ್ಲಿ ಸಿಕ್ಕಿತು,
ಒಂದು ಕೈಗವಸು ಬಾವಿಯಲ್ಲಿ,
ಜಡೆಯ ತುದಿ ಬೆಕ್ಕಿನ ತಟ್ಟೆಯಲ್ಲಿ.

ಸಾಲ್ಮೆ ಯಾರನ್ನೂ ಗದರಲಿಲ್ಲ.
ಮಾಯ್ಮುವನ್ನು ಚಿಕ್ಕಮ್ಮನ ಮನೆಗೆ ಕಳಿಸಿದಳು,
ಬೆಣ್ಣೆ ಕಡೆಯುವ ನೆಪ, ಮೂರು ದಿನ.
ಬೆಂಚಿನ ಮೇಲೆ ಅವಳ ಜಾಗ ತೆರವಾಯಿತು.
ನಾನು ಸರಿದು ಕೂತೆ.
ಎರಡನೆಯ ರಾತ್ರಿ ವೈಕೆಯನ್ನು ಚಿವುಟಿದೆ,
ಎಲ್ಲರಿಗಿಂತ ಸಣ್ಣವಳು, ಮೇಜಿನ ಕೆಳಗೆ,
ತೋಳಿನ ಒಳಬದಿಗೆ, ಕಲೆ ಕಾಣದ ಕಡೆ.
ಯಾಕೆ ಅಂತ ಈಗಲೂ ಕೇಳಿಕೊಳ್ಳುತ್ತೇನೆ.
ಸಾಲ್ಮೆ ರೊಟ್ಟಿ ಕೊಯ್ಯುತ್ತಿದ್ದಳು.
ಚಾಕು ಒಂದು ಕ್ಷಣ ನಿಂತು ಮುಂದಕ್ಕೆ ಹೋಯಿತು.

ಮಾಯ್ಮು ಈಗ ತಾರ್ತುವಿನಲ್ಲಿ. ಮಂಡಿನೋವು, ಒಂಟಿ ಕೋಣೆ.
ಪ್ರತಿ ಭಾನುವಾರ ಫೋನು ಮಾಡಿ
ಕೋಳಿ ಹೇಗಿವೆ ಅನ್ನುತ್ತಾಳೆ.
ಚೆನ್ನಾಗಿವೆ ಅನ್ನುತ್ತೇನೆ.
ಅಷ್ಟಕ್ಕೇ ಅರ್ಧಗಂಟೆ ಹಿಡಿಯುತ್ತದೆ.

ನಾಲ್ಕನೆಯ ರಾತ್ರಿ. ದೀಪ ಆರಿಸಿದ್ದೇನೆ.
ಪ್ರೋವಾಳನ್ನು ಸಾಲಿನ ತುದಿಗೆ ಕೂರಿಸಿದೆ,
ಡಾಂಬರು ಮೆತ್ತಿದ ಚುಕ್ಕಿಯ ಪಕ್ಕದಲ್ಲೇ,
ಬೇರೆಡೆ ಜಾಗವಿರಲಿಲ್ಲ.
ಕೈಯಿಂದ ತಡವಿ ಎಣಿಸುತ್ತೇನೆ:
ಬಿಸಿ, ಬಿಸಿ, ಪುಕ್ಕ, ಬಿಸಿ...
ಏಳು.

ಕತ್ತಲಲ್ಲಿ ಯಾರೋ ಯಾರಿಗೋ
ಮೆಲ್ಲಗೆ ಒಂದು ಕೊಕ್ಕು ತಾಗಿಸಿದಳು,
‘ಸರಿ’ ಅಂದ ಹಾಗೆ.
ಆಯಿತು ಎಂದೋ,
ಅತ್ತ ಸರಿ ಎಂದೋ.